ಬುಧವಾರದ ಕೂಟ

ಅಯ್ಯನವರು ಸಭೇನ ಆರು ಗುಂಪು ಮಾಡ್ಯಾರ.
ಬೆಟಗೇರಿ ನಮ್ಮ ಓಣಿಗೆ ಒಂಬತ್ತು ಮಂದಿ,
ಕುರ್ಚಿ ಏಳು.
ಉಳಿದಿಬ್ಬರು ಹೊಸ್ತಿಲ ಮ್ಯಾಲೆ.

ಎರಡೆರಡು ವಚನ ಓದಬೇಕು, ಬಲಕ್ಕ ದಾಟಿಸಬೇಕು.
ಗ್ಲಾಡಿಸಕ್ಕ ದವಾಖಾನಿಯಿಂದ ಸೀದಾ ಬರತಾಳ,
ಓದೂದೂ ಸೂಜಿ ಚುಚ್ಚಿಧಂಗ, ಲಗೂನ.
ಸಂಸೋನ ಕಾಕಾ ಮಾತ್ರ
ಅಂಗಿ ಕಿಸೆ ತಡವಿ
'ಚಾಳೀಸು ಮನ್ಯಾಗ ಉಳೀತು' ಅಂತಾನ.
ಪುಸ್ತಕ ಮುಂದ ಹೋಗತದ.
ಎಂಟು ತಿಂಗಳಾತು, ಆ ಚಾಳೀಸು ಮನ್ಯಾಗ ಉಳಿದು.
ನಾನೊಮ್ಮೆ ನಕ್ಕಿದ್ದೆ. ಸುಳ್ಳ್ಯಾಕ ಹೇಳಲಿ.

ನಿನ್ನೆ ನಾ ಓದೂವಾಗ ಕರೆಂಟು ಹೋತು.
ಬೆರಳು ವಚನದ ಮ್ಯಾಲೆ ಇದ್ದಲ್ಲೇ ನಿಂತಿತು.
ಯಾರೋ ಮೊಬೈಲು ತಡಕಾಡಿದರು,
ಯಾರದೋ ಕಾಲು ಕಪ್ಪಿಗೆ ಬಡೀತು.
ಆಗ ಮೂಲ್ಯಾಗಿಂದ,
ಲಾಳಿ ಹೋಗಿ ಬಂದು, ಹೋಗಿ ಬಂದು ಮಾಡಿಧಂಗ,
ನಾ ಬಿಟ್ಟಲ್ಲಿಂದ ಹಿಡಿದು
ಒಂದಕ್ಷರ ತಪ್ಪದ
ಕಾಕಾನ ದನಿ:
ಹತ್ತು ನಾಣ್ಯದಾಗ ಒಂದು ಕಳಕೊಂಡ ಹೆಂಗಸು,
ಅಕಿಯ ದೀಪ, ಕಸಬರಿಗಿ,
ಸಿಕ್ಕಿತು ಅಂತ ಓಣಿಯೆಲ್ಲ ಕರದದ್ದು.

ಮುಗಿದ ಮ್ಯಾಲೂ ಕತ್ತಲಿತ್ತು.
'ಅವ್ವ ಮಗ್ಗದ ಕುಣ್ಯಾಗ ಕುಂತು ಹೇಳತಿದ್ಲು,' ಅಂದ.
ಸ್ವಲ್ಪ ತಡದು,
'ಅಕಿಗೂ ಚಾಳೀಸು ಇರಲಿಲ್ಲ.'

ಕರೆಂಟು ಬಂತು.
ನಾವೆಲ್ಲ ನಮ್ಮ ನಮ್ಮ ಕಾಲಬೆರಳು ನೋಡಿಕೋತ ಕುಂತ್ವಿ.
ಗ್ಲಾಡಿಸಕ್ಕ ಅರ್ಧಕ್ಕ ನಿಂತ ಪುಸ್ತಕ ಮುಚ್ಚಿ
ಅವನ ತೊಡೀ ಮ್ಯಾಲಿಟ್ಟಳು.
ಅವ ಎರಡೂ ಅಂಗೈ ಊರಿ ಹಿಡಕೊಂಡ,
ಬೆಚ್ಚಗಿನ ರೊಟ್ಟಿ ಹಿಡಿಧಂಗ.

ನಾ ಚಾಕ್ಕ ಸಕ್ರಿ ಹಾಕೂದ ಮರತಿದ್ದೆ.
ಒಂಬತ್ತು ಮಂದಿಯೂ ಕುಡದರು.
ಯಾರೂ ಏನೂ ಅನ್ನಲಿಲ್ಲ.