ಬಿಟ್ಟು ಹಿಡಿಯುವುದು

ಫರ್ವಾನಿಯಾದ ಗ್ಯಾರೇಜಿನಲ್ಲಿ ಪುತ್ತುಬಾವ ಹೇಳಿದ್ದ:
ಲಿವರ್ ನಡುಗಿದರೆ ಕೆಟ್ಟಿತೆಂದುಕೊಂಡು ಕೈ ಬಿಡಬೇಡ.
ಚಕ್ರದ ಪಕ್ಕ ಹಲ್ಲಿನ ಬಳೆಯಿದೆ,
ಹಲ್ಲು ಎಣಿಸುತ್ತ ಕೂತ ಕಣ್ಣಿದೆ.
ಚಕ್ರ ಕಚ್ಚಿಕೊಳ್ಳುವ ಮೊದಲೇ
ಸೆಕೆಂಡಿಗೆ ಹತ್ತಾರು ಸಲ
ಬಿಟ್ಟು ಹಿಡಿಯುತ್ತದೆ, ಬಿಟ್ಟು ಹಿಡಿಯುತ್ತದೆ.
ಉಳ್ಳಾಲದಲ್ಲಿ ಗಾಳ ಹಾಕಿದವನಲ್ಲವೇನೋ ನೀನು,
ದೊಡ್ಡ ಮೀನಿಗೆ ನೂಲು ಬಿಡದೆ ಎಳೆದರೆ?

ಮತ್ತೆ, ಮರಳಿದ್ದಲ್ಲಿ ದೂರ ಇಟ್ಟುಕೋ.
ಹಿಡಿಯಲು ನೆಲವೇ ಇಲ್ಲದಿದ್ದರೆ ಯಂತ್ರ ಏನು ಹಿಡಿದೀತು?

ನಿನ್ನೆ ಶಮಾಲ್ ಬೀಸಿತ್ತು.
ಬೆನ್ನ ಹಿಂದಿನ ಡಬ್ಬಿಯಲ್ಲಿ ನಾಲ್ಕು ಬಿರಿಯಾನಿ.
ಮುಂದಿನ ಬಿಳಿ ಜೀಪು ಸಿಗ್ನಲ್ಲಿಗೂ ಮೊದಲೇ ತಟ್ಟನೆ ನಿಂತಿತು.
ಬೆರಳಡಿ ಟಕಟಕಟಕ,
ಗಾಳಕ್ಕೆ ಬಿದ್ದ ಜೀವ.
ಬಿಡಲಿಲ್ಲ.
ಟೈರಿಗೂ ಬಂಪರಿಗೂ ನಡುವೆ ಒಂದೇ ಗೇಣು.

ಲೇಟಾಯಿತೆಂದು ಐದನೇ ಮಹಡಿಯಾಕೆ ಒಂದು ನಕ್ಷತ್ರ ಕಡಿದಳು.
ಲಿಫ್ಟಿನಲ್ಲಿ ಇಳಿಯುವಾಗಲೂ ಬೆರಳು ಮಾತ್ರ
ಬಿಟ್ಟು ಹಿಡಿಯುತ್ತಿತ್ತು.