ನೋಡುವ ಕಡೆ ಜಾಗ

ತುಬ್ಲಿ ಕೊಲ್ಲಿ, ಶುಕ್ರವಾರ, ಐದೂ ಮುಕ್ಕಾಲು.
ಇಳಿತದ ಕೆಸರಲ್ಲಿ ಮೆಟ್ಟುಗಾಲು ಹಕ್ಕಿ,
ಒಂಟಿ, ಕೆಂಪು ಕಡ್ಡಿಕಾಲು.
ನೂರಾ ನಲವತ್ತು ಸಲ ಒತ್ತಿದ್ದೆ;
ಒಂದರಲ್ಲಿ ಮಾತ್ರ ಕಣ್ಣಿಗೆ ಬೆಳಕು ಬಿದ್ದಿದೆ.

ರಾತ್ರಿ ರೂಮಿನಲ್ಲಿ
ಮೇಲಿನ ಮಂಚದಿಂದ ಅದ್ರಾಮಾಕ ಇಣುಕಿದರು.
'ಹಿಂದಿನ ಕ್ರೇನು ತೆಗಿ ಮಾರಾಯ.'
ತೆಗೆದೆ.
'ಆ ಪೈಪು?'
ಊರ ಕೊಳಚೆ ತೊಳೆದು ಕೊಲ್ಲಿಗೆ ಬಿಡುವ ಪೈಪು;
ಅದರ ಬಾಯಿಗೇ ಹಕ್ಕಿ ಬಂದದ್ದು, ಹುಳಕ್ಕೆ.
ಅದನ್ನೂ ತೆಗೆದೆ.

ಪಾದ ಕೊಯ್ಯಬಾರದು, ನೀರೊಳಗಿದ್ದರೂ
ಪಾದಕ್ಕೆ ಜಾಗ ಬೇಕು. ಇಟ್ಟೆ.
ನೀರಲ್ಲಿ ಬಿದ್ದ ಬಿಂಬ ಕೊಕ್ಕಿನ ತನಕ ಬೇಕು. ಇಟ್ಟೆ.
ಹಕ್ಕಿ ನೋಡುವ ಕಡೆ ಖಾಲಿ ಬಿಡಬೇಕು,
ಇಲ್ಲದಿದ್ದರೆ ಅದು
ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಶಾಲೆಯ ಹುಡುಗ.

ಇದು ನೋಡುವುದು ಎಡಕ್ಕೆ.
ಎಡಕ್ಕೆ ಒಬ್ಬ, ಹಳದಿ ಅಂಗಿ, ಮೊಣಕಾಲ ಮಟ ಕೆಸರು,
ಕೈಬಲೆಯಿಂದ ಪ್ಲಾಸ್ಟಿಕ್ ಬಾಚುತ್ತಿದ್ದಾನೆ.
ಬೆಳಿಗ್ಗೆ ನಾನು ಅವನನ್ನು ಕಂಡೇ ಇರಲಿಲ್ಲ.
ಹಕ್ಕಿ ಕಂಡಿತ್ತು.

ಎಡದ ಅಂಚು ಒಳಗೆಳೆದೆ: ಅವನಿಲ್ಲ, ಹಕ್ಕಿಗೆ ಉಸಿರಿಲ್ಲ.
ಹೊರಗೆ ಬಿಟ್ಟೆ: ಉಸಿರಿದೆ, ಅದರ ತುಂಬ ಅವನೇ.
ನಡುವೆ ಒಮ್ಮೆ ಭುಜದ ಮೇಲೆ ಕೊಯ್ದು ನೋಡಿದೆ.
ಥೂ, ಅರ್ಧ ಮನುಷ್ಯ.

ಅದ್ರಾಮಾಕರ ಗೊರಕೆ ಶುರುವಾಯಿತು.
ನಾಲ್ಕಕ್ಕೆ ಅವರ ಬಸ್ಸು. ಅದೇ ಬಣ್ಣದ ಅಂಗಿ
ಮಂಚದ ಕೊಕ್ಕೆಗೆ ಹಾಕಿದ್ದಾರೆ;
ತೋಳೊಂದು ಇಳಿದು ನನ್ನ ಪರದೆಯ
ಎಡ ಮೂಲೆಯಲ್ಲಿ ತೂಗುತ್ತಿದೆ,
ಏಸಿ ಗಾಳಿಗೆ.

ಸರಿಸಲು ಕೈಯೆತ್ತಿದವನು
ಹಾಗೇ ನೋಡುತ್ತ ಕೂತೆ.