ಮುಚ್ಚಳ ತೆಗೆಯುವವಳು

ಹತ್ತು ಇಪ್ಪತ್ತಕ್ಕೆ ಬೆಲ್ಲು.
ಮತ್ತಿಕೆರೆಯ ಈ ಪುಟ್ಟ ಸ್ಕೂಲಿನ ವರಾಂಡದಲ್ಲಿ
ಮೂವತ್ತೊಂದು ಡಬ್ಬಿ, ಅರವತ್ತೆರಡು ಕೈ,
ಎಲ್ಲ ನನ್ನ ಕಡೆಗೇ ಚಾಚಿಕೊಂಡು:
ಫಿಲೋಮಿನಾ ಆಂಟೀ, ಓಪನ್ನು!

ನನ್ನ ಹೆಬ್ಬೆರಳಿಗೆ ಗೊತ್ತು ಒಂದೊಂದರ ಸ್ವಭಾವ.
ಕ್ಲಿಪ್ಪಿನದು ಉಗುರು ಕೇಳುತ್ತೆ,
ತಿರುಗಿಸೋದು ಸೆರಗು ಕೇಳುತ್ತೆ,
ಬಿಸಿ ಇದ್ದಾಗಲೇ ಮುಚ್ಚಿದ ಸ್ಟೀಲಿನದು
ಉಸಿರು ಬಿಗಿಹಿಡಿದು ಮುನಿಸಿಕೊಂಡಿರುತ್ತೆ;
ನೆಲಕ್ಕೆ ಎರಡು ಸಲ ಕುಟ್ಟಿದರೆ
ಟಪ್ ಅಂತ ಬಾಯಿಬಿಡುತ್ತೆ,
ಒಳಗೆ ಇಡ್ಲಿ ಬೆವರಿರುತ್ತೆ.

ಗೇಟಿಗೆ ಮೇಡಂ ಪಟ್ಟಿ ಅಂಟಿಸಿದ್ದಾರೆ.
ಸೋಮವಾರ ಹಣ್ಣು, ಮಂಗಳವಾರ ಮೊಳಕೆಕಾಳು,
ಬುಧವಾರ ತರಕಾರಿ, ಗುರುವಾರ ಮನೆತಿಂಡಿ,
ಶುಕ್ರವಾರ ಮಕ್ಕಳ ಇಷ್ಟ.
ಹಾಗಾದ್ರೆ ಮಿಕ್ಕ ನಾಲ್ಕು ದಿನ ಯಾರಿಷ್ಟ, ಅಂತ
ಹಫ್ಸಾ ಕೇಳಿದಾಗ
ಮೇಡಂ ಫೋನು ಹಿಡಿದು ಒಳಗೆ ಹೋದರು.

ಸೋಮವಾರದ ಸೇಬು ಬೆಲ್ಲು ಹೊಡೆಯೋಷ್ಟರಲ್ಲಿ ಕಂದು.
'ಆಂಟಿ, ತುಕ್ಕು ಹಿಡಿದಿದೆ' ಅನ್ನುತ್ತಾನೆ ಧನ್ವಿನ್,
ಅವರಪ್ಪನದು ಪೀಣ್ಯದಲ್ಲಿ ವೆಲ್ಡಿಂಗ್ ಶೆಡ್ಡು.
ಉಪ್ಪುನೀರಲ್ಲಿ ಅದ್ದಿ ಕಳಿಸಿ ಅಂತ ಹೇಳಿದೆ.
ಮುಂದಿನ ವಾರ ಸೇಬು ಬೆಳ್ಳಗಿತ್ತು,
ಉಪ್ಪಿನಕಾಯಿಯಷ್ಟು ಉಪ್ಪಾಗಿತ್ತು.
ಇಬ್ಬರೂ ತಿಂದೆವು, ಮುಖ ಹಿಂಡಿಕೊಂಡು.

ಮಂಗಳವಾರ ಹೆಸರುಕಾಳು ನೆಲವೆಲ್ಲ ಓಡಾಡುತ್ತೆ.
ಬಾಲ ಇದೆ ಅಂತ ತಿನ್ನದವರು ಐದು ಮಂದಿ,
ಬಾಲ ಇದೆ ಅಂತಲೇ ತಿನ್ನುವವರು ಇಬ್ಬರು.

ಕಡ್ಲೆಕಾಯಿ ಮಾತ್ರ ಯಾರೂ ತರುವ ಹಾಗಿಲ್ಲ,
ಜೋಯೆಲ್‌ಗೆ ಮೈಯೆಲ್ಲ ದದ್ದು.
ಕಾರ್ತಿಕದಲ್ಲಿ ಇಡೀ ಊರು ಬೇಯಿಸಿ ಸುಲಿಯುವಾಗ
ನಾನೇ ಮೂವತ್ತೊಂದು ಅಂಗೈ ಮೂಸಿ ಒಳಗೆ ಬಿಡುತ್ತೇನೆ.

ಲೋಹಿತಾಶ್ವನ ಅಮ್ಮ ಸರ್ಕಲ್ಲಿನಲ್ಲಿ ಇಸ್ತ್ರಿ ಗಾಡಿ ಇಟ್ಟವಳು.
ಮೊನ್ನೆ ಗುರುವಾರ ಅವನ ಡಬ್ಬಿಯಲ್ಲಿ
ರಾಗಿ ಹುರಿಹಿಟ್ಟಿನ ಮೂರು ಉಂಡೆ,
ಬೆಲ್ಲ, ಎಳ್ಳು, ಬೆರಳಚ್ಚು ಸಮೇತ.
'ಅದೇನೋ?' ಪಕ್ಕದ ನೂಡಲ್ಸು ಕೇಳಿತು.
ನಾನು ಬಾಯಿ ತೆರೆಯೋಕೆ ಮುಂಚೆ
ಅವನೇ ಅಂದ, ತಲೆಯೆತ್ತದೆ:
'ಮಣ್ಣು.'
ಕಚ್ಚಿದ.
'ಮಣ್ಣು ತಿಂತೀಯಾ?'
'ಹ್ಞೂಂ. ನಮ್ಮನೇಲಿ ದಿನಾ ತಿಂತೀವಿ.'
ವರಾಂಡ ಗಪ್‌ಚುಪ್.
ನನ್ನ ಕಡೆಗಿದ್ದ ಕೈಗಳು
ಒಂದೊಂದಾಗಿ ಅವನ ಕಡೆ ತಿರುಗಿದವು.
ಚೂರು ಚೂರು ಹಂಚಿದ,
ಬಡ್ಡಿಗೆ ಕೊಟ್ಟ ಹಾಗೆ ಲೆಕ್ಕ ಇಟ್ಟು.

ಶುಕ್ರವಾರ ಬೆಳಿಗ್ಗೆ ಗೇಟಿನಲ್ಲಿ
ಮೂವರು ಅಮ್ಮಂದಿರು, ಹೆಲ್ಮೆಟ್ ತೆಗೆಯದ ಒಬ್ಬ ಅಪ್ಪ:
'ರಾತ್ರಿಯೆಲ್ಲ ಮಣ್ಣು ಬೇಕು ಅಂತ ಅಳು.
ಇವತ್ತು ಮಕ್ಕಳ ಇಷ್ಟ ಅಂತೆ, ಪಟ್ಟಿಯಲ್ಲಿದೆಯಂತೆ.
ಡಾಕ್ಟರಿಗೆ ತೋರಿಸಬೇಕಾ?'
ನಾನು ಸರ್ಕಲ್ಲಿನ ಇಸ್ತ್ರಿ ಗಾಡಿ ತೋರಿಸಿದೆ.

ನನ್ನ ಮಗಳಿಗೆ ನಾನು ಮೂರು ವರ್ಷ
ಬೇಕರಿಯ ಬನ್ನೇ ಕಟ್ಟಿದ್ದು.
ಐದೂವರೆಗೆ ಬೇರೆಯವರ ಮನೆಯ ಪಾತ್ರೆ, ಏಳಕ್ಕೆ ಬಸ್ಸು.
ಟೂಟಿ ಫ್ರೂಟಿ ಕಿತ್ತು ತಿಂದು
ಮಿಕ್ಕ ಬನ್ನು ವಾಪಸ್ಸು ತರುತ್ತಿದ್ದಳು,
ಅಮ್ಮಾ, ನಿನ್ನ ಟೀಗೆ ಅಂತ.
ಪ್ರೀತಿ ಅಂದುಕೊಂಡಿದ್ದೆ.
ಅದೂ ಇರಬಹುದು.

ಹತ್ತು ನಲವತ್ತಕ್ಕೆ ಮತ್ತೆ ಬೆಲ್ಲು.
ಮುಚ್ಚೋಕೆ ಯಾರೂ ನನ್ನ ಕರೆಯಲ್ಲ,
ಸೊಟ್ಟಪಟ್ಟ ಒತ್ತಿ ಓಡುತ್ತಾವೆ.
ಲೋಹಿತಾಶ್ವ ಮಾತ್ರ ನಿಂತ,
ಒಂದು ಚೂರು ನನ್ನ ಅಂಗೈಗಿಟ್ಟು
ಕಿವಿ ಬಗ್ಗಿಸಿಕೊಂಡ:
'ಆಂಟಿ, ಯಾರಿಗೂ ಹೇಳ್ಬೇಡಿ.
ಇದು ರಾಗಿ.'